ಒದ್ದೆಕಲ್ಲು ಗುಡ್ಡ

ಜಾಲಿಗಟ್ಟೆ ಕೆರೆಯ ಏರಿ ದಾಟಿದರೆ ಎದುರಿಗೇ ಕಾಣುವ ಬೋಳು ಗುಡ್ಡಕ್ಕೆ ಒದ್ದೆಕಲ್ಲು ಗುಡ್ಡ ಎಂದು ಹೆಸರು. ಮೇಲೆ ಸುಣ್ಣ ಬಳಿದ ಪುಟ್ಟ ಕ್ರೈಸ್ತ ದೇವಾಲಯ, ಅದರ ಅಂಗಳದಲ್ಲಿ ಅರ್ಧವೃತ್ತಾಕಾರವಾಗಿ ಹನ್ನೆರಡು ಕಲ್ಲುಪೀಠಗಳು. ಶುಭ ಶುಕ್ರವಾರದ ಹಿಂದಿನ ದಿನ, ಪವಿತ್ರ ಗುರುವಾರದಂದು, ಯೇಸುಸ್ವಾಮಿ ತಮ್ಮ ಹನ್ನೆರಡು ಶಿಷ್ಯರ ಕಾಲು ತೊಳೆದ ನೆನಪಿಗೆ ಊರಿನ ಗಂಡಸರು ಅವುಗಳ ಮೇಲೆ ಕೂರುತ್ತಾರೆ. ಗುರುಗಳು ಮೊಣಕಾಲೂರಿ ಅವರ ಬಲಗಾಲನ್ನು ತೊಳೆಯುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಕೊಡ ನೀರು. ಆ ನೀರನ್ನು ಕೆರೆಯಿಂದ ಹೊತ್ತು ತರುವ ಹಕ್ಕು ಯಜಮಾನ್ ಇನ್ನಾಸಪ್ಪನವರ ಮನೆತನದ ಹೆಂಗಸರದು. ದೇವಾಲಯಕ್ಕೆ ಜಾಗ ಬಿಟ್ಟುಕೊಟ್ಟವರು, ಮೊದಲ ಗೋಡೆಗೆ ಕಲ್ಲು ಹೊರಿಸಿದವರು, ಬರಗಾಲದಲ್ಲೂ ಹಬ್ಬದ ಅಡುಗೆ ನಿಲ್ಲಿಸದವರು ಆ ಮನೆಯವರು. ಏಳು ತಲೆಮಾರಿನಲ್ಲಿ ಅವರ ಮೇಲೆ ಒಂದು ದೂರು ಬಂದದ್ದಿಲ್ಲ. ಗುಡ್ಡದಲ್ಲಿ ಒರತೆ ಇರುವುದರಿಂದ ಈ ಹೆಸರು ಬಂತೆಂದು ಹೊರಗಿನವರು ಬರೆದುಕೊಂಡು ಹೋಗುತ್ತಾರೆ. ಅದು ತಪ್ಪು. ಆ ಬಂಡೆಯಲ್ಲಿ ಎಂದೂ ಹನಿ ನೀರು ಜಿನುಗಿಲ್ಲ.

ಹಿಂದೆ ಪಾಳೆಯಗಾರರ ಕಾಲದಲ್ಲಿ ಒಮ್ಮೆ, ಕೋಟೆ ಕಟ್ಟುವ ಬಿಟ್ಟಿ ದುಡಿಮೆಗೆ ಊರೂರಿನಿಂದ ಆಳುಗಳನ್ನು ಎಳೆದೊಯ್ಯುತ್ತಿದ್ದರಂತೆ. ಜಾಲಿಗಟ್ಟೆಯ ಗಂಡಸರನ್ನು ಕಳಿಸುವುದಿಲ್ಲವೆಂದು ಇನ್ನಾಸಪ್ಪನವರು ಖಡಾಖಂಡಿತವಾಗಿ ಹೇಳಿಬಿಟ್ಟರು. ಪಾಳೆಯಗಾರನ ಜನ ಅವರನ್ನು ಹುಡುಕಿಕೊಂಡು ಬಂದಾಗ ಹೆಂಡತಿ ಸವೇರಮ್ಮ ಅವರನ್ನು ಹಿತ್ತಿಲ ಹಗೇವಿನಲ್ಲಿ, ಎಂದರೆ ರಾಗಿ ತುಂಬುವ ನೆಲದೊಳಗಿನ ಕಣಜದಲ್ಲಿ, ಇಳಿಸಿ ಮೇಲೆ ಸೌದೆ ಒಟ್ಟಿದಳು. ಆ ಗುಟ್ಟು ತಿಳಿದಿದ್ದುದು ಅವಳಿಗೆ ಮತ್ತು ಅವಳ ತಮ್ಮ ರಾಯಪ್ಪನಿಗೆ ಮಾತ್ರ. ತಾಯಿ ಸತ್ತ ಮೇಲೆ ಸವೇರಮ್ಮನೇ ಸಾಕಿ ಬೆಳೆಸಿದ ತಮ್ಮ ಅವನು. ಆ ವರ್ಷ ಪಾದ ತೊಳೆಸಿಕೊಳ್ಳುವ ಹನ್ನೆರಡು ಜನರಲ್ಲಿ ಕೊನೆಯವನಾಗಿ ಅವನನ್ನು ಆರಿಸಿದ್ದರು. ಆರಿಸಿದವರು ಆ ವಾರದ ಮೊದಲ ದಿನವಾದ ಗರಿಗಳ ಭಾನುವಾರದಿಂದ ಗುರುವಾರದವರೆಗೆ ಯಜಮಾನರ ಮನೆಯಲ್ಲೇ ಒಪ್ಪೊತ್ತು ಉಣ್ಣುವುದು ಪದ್ಧತಿ. ಬುಧವಾರ ಅಕ್ಕನ ಕೈಯ ಮುದ್ದೆ ಉಂಡು ಎದ್ದ ರಾಯಪ್ಪ ಕೈ ತೊಳೆದುಕೊಂಡು ನೇರವಾಗಿ ಪಾಳೆಯಗಾರನ ಜನರ ಬಳಿಗೆ ಹೋದನೆನ್ನುತ್ತಾರೆ. ತನ್ನೊಬ್ಬನನ್ನು ದುಡಿಮೆಗೆ ಒಯ್ಯಬಾರದೆಂಬ ಮಾತು ಪಡೆದು ಸೌದೆಯ ಒಟ್ಟಿಲನ್ನು ತೋರಿಸಿಕೊಟ್ಟ. ಇನ್ನಾಸಪ್ಪನವರನ್ನು ಹಗ್ಗ ಕಟ್ಟಿ ಎಳೆದೊಯ್ದರು. ರಾಯಪ್ಪ ಊರು ಬಿಟ್ಟು ಓಡಿದ.

ಮರುದಿನ ಹನ್ನೆರಡನೆಯ ಕಲ್ಲು ಬರಿದಾಗಿತ್ತು. ಬೇರೊಬ್ಬನನ್ನು ಕೂರಿಸಿರೆಂದು ಊರವರು ಹೇಳಿದರು. ಗುರುಗಳಾದ ಸಹಾಯನಾಥ ಸ್ವಾಮಿಗಳು ಒಪ್ಪಲಿಲ್ಲ. ಹನ್ನೊಂದು ಪಾದಗಳನ್ನು ತೊಳೆದವರು ಬರಿಯ ಕಲ್ಲಿನ ಮುಂದೆಯೂ ಮೊಣಕಾಲೂರಿದರು. ಅದರ ಮೇಲೆ ನೀರು ಸುರಿದು ಬಟ್ಟೆಯಿಂದ ಒರೆಸಿದರು. ಕೊಡ ಹಿಡಿದು ನಿಂತಿದ್ದ ಸವೇರಮ್ಮನಿಗೆ ಮೈಯೆಲ್ಲ ಉರಿಯಿತು.

“ನನ್ನ ಗಂಡನ್ನ ಹಿಡಿದುಕೊಟ್ಟೋನಿಗೆ ನನ್ನ ಕೈಲೇ ನೀರು ಹೊರಿಸ್ತೀರಾ, ಸ್ವಾಮಿ?”

“ಯೇಸುಸ್ವಾಮಿ ತಮ್ಮನ್ನ ಹಿಡಿದುಕೊಡೋ ಯೂದನ ಕಾಲನ್ನೂ ತೊಳೆದರು ಕಣಮ್ಮ. ಗೊತ್ತಿದ್ದೇ ತೊಳೆದರು. ರಾಯಪ್ಪ ಬರೋವರೆಗೂ ಈ ಜಾಗ ಅವನದೇ.”

ಅಂದಿನಿಂದ ವರ್ಷ ವರ್ಷವೂ ಹೀಗೆಯೇ ನಡೆಯಿತು. ಕಲ್ಲಿಗೆ ಸ್ನಾನ, ನಮಗೆ ಉಪವಾಸ ಎಂದು ಹೆಂಗಸರು ಸೆರಗಿನ ಮರೆಯಲ್ಲಿ ನಗುತ್ತಿದ್ದರು. ನೆರೆಯೂರಿನವರು ಗುಡ್ಡವನ್ನು ಒದ್ದೆಕಲ್ಲು ಎಂದು ಕರೆಯತೊಡಗಿದ್ದು ಆಗಲೇ, ಅದೂ ಗೇಲಿಗಾಗಿ. ಸವೇರಮ್ಮ ಮಾತ್ರ ನಗಲಿಲ್ಲ, ಒಂದು ವರ್ಷವೂ ತಪ್ಪಿಸಲಿಲ್ಲ. ಅವಳು ದೇವರೊಡನೆ ಒಂದು ಮಾತು ಮಾಡಿಕೊಂಡಿದ್ದಳು: ಆ ಪಾಪಿಗಾಗಿ ನೀನು ಕಾಯುವುದಾದರೆ ಕಾಯಿ, ನಾನು ನೀರು ಹೊರುತ್ತೇನೆ, ನನ್ನ ಯಜಮಾನರನ್ನು ಮಾತ್ರ ಜೀವಂತ ಕಳಿಸು. ಕೈಯ ಬಳೆ ತೆಗೆಯದೆ ಎಂಟು ವರ್ಷ ಹನ್ನೆರಡನೆಯ ಕೊಡವನ್ನು ಹೊತ್ತಳು.

ಒಂಬತ್ತನೆಯ ವರ್ಷ, ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದ ನಡುವೆ, ಕೋಟೆಯಿಂದ ಬಿಡುಗಡೆಯಾಗಿ ಬಂದವನೊಬ್ಬ ಸುದ್ದಿ ತಂದ. ಇನ್ನಾಸಪ್ಪನವರು ಮೊದಲ ಮಳೆಗಾಲದಲ್ಲೇ ಗೋಡೆ ಕುಸಿದು ತೀರಿಕೊಂಡಿದ್ದರು. ಅಂದರೆ ಅವಳು ಎರಡನೆಯ ಬಾರಿ ನೀರು ಹೊರುವ ಮೊದಲೇ ಅವರು ಮಣ್ಣಾಗಿದ್ದರು. ಸವೇರಮ್ಮ ಅಳಲಿಲ್ಲ. ತಮ್ಮ ಮೋಸ ಮಾಡಿದ್ದನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ಎಲ್ಲ ತಿಳಿದಿದ್ದ ದೇವರು ತನ್ನಿಂದ ನೀರು ಹೊರಿಸಿಕೊಂಡು ಸುಮ್ಮನಿದ್ದದ್ದನ್ನು ನುಂಗಲು ಅವಳಿಂದ ಆಗಲಿಲ್ಲ. ಕಾದುಕೊಂಡಿರಲು ಪಾಪಿಯೇನೋ ಸಿಕ್ಕಿದ, ಕಾಪಾಡಲು ಒಳ್ಳೆಯವನು ಕಣ್ಣಿಗೆ ಬೀಳಲಿಲ್ಲವೇ ಎಂದು ಶಿಲುಬೆಯ ಮುಂದೆ ನಿಂತು ಕೇಳಿದಳಂತೆ. ಆ ಗುರುವಾರ ಅವಳು ಹನ್ನೊಂದೇ ಕೊಡ ತಂದಳು.

ರಾಯಪ್ಪ ಬಂದದ್ದು ಅಂದೇ. ತಲೆಯ ಕೂದಲು ಅರ್ಧ ನರೆತಿತ್ತು, ಕಾಲು ಒಡೆದು ಬಿರಿದಿತ್ತು. ಗುಡ್ಡ ಹತ್ತಿ ಬಂದು ಯಾರ ಮುಖವನ್ನೂ ನೋಡದೆ ಹನ್ನೆರಡನೆಯ ಕಲ್ಲಿನ ಮೇಲೆ ಕೂತ. ಮುದುಕರಾಗಿದ್ದ ಸ್ವಾಮಿಗಳು ಕಷ್ಟಪಟ್ಟು ಮೊಣಕಾಲೂರಿ ಅವನ ಬಲಗಾಲನ್ನು ಅಂಗೈಯಲ್ಲಿ ಎತ್ತಿ ಹಿಡಿದು ನೀರಿಗಾಗಿ ಕೈ ಚಾಚಿದರು. ನೀರಿರಲಿಲ್ಲ. ಕೆರೆಗೆ ಹೋಗಲು ಬೇರೆ ಯಾರಿಗೂ ಹಕ್ಕಿಲ್ಲ. ಹೋಗುವ ಮನಸ್ಸೂ ಯಾರಿಗೂ ಇದ್ದಂತಿರಲಿಲ್ಲ. ಏಳಿ ಸ್ವಾಮಿ, ನಾನು ತರೋದಿಲ್ಲ ಎಂದು ಸವೇರಮ್ಮ ಎಲ್ಲರೆದುರಿಗೇ ಹೇಳಿದಳು. ಸ್ವಾಮಿಗಳು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ, ಏಳಲೂ ಇಲ್ಲ. ಬಿಸಿಲು ಇಳಿಯಿತು. ಆ ಕಾಲನ್ನು ಅವರು ಕೆಳಗಿಡಲಿಲ್ಲ.

“ಹೀಗೇ ಎಷ್ಟು ಹೊತ್ತು ಇರ್ತೀರಿ?” ಎಂದು ಕೊನೆಗೆ ಅವಳೇ ಕೇಳಿದಳು.

“ಇವನಿಗಾಗಿ ಎಂಟು ವರ್ಷ ಕಾದೆ. ನಿನಗಾಗಿ ನಾನು ಒಂದು ಸಂಜೆ ಕಾಯಬಾರದೇನಮ್ಮ?”

 ಸವೇರಮ್ಮ ಕೊಡ ಎತ್ತಿಕೊಂಡು ಕೆರೆಗೆ ಇಳಿದಳು. ದಾರಿಯಲ್ಲಿ ಅವಳ ಮನಸ್ಸು ಕರಗಿತೆಂದು ಕೆಲವರು ಹೇಳುವುದುಂಟು; ಮನೆತನದವರು ಹಾಗೆ ಹೇಳುವುದಿಲ್ಲ. ಅವಳು ನೀರು ತಂದಳು, ತುಟಿ ಬಿಗಿಹಿಡಿದು ಸುರಿದಳು, ಒಂದು ಹನಿಯನ್ನೂ ಉಳಿಸಿಕೊಳ್ಳಲಿಲ್ಲ. ಸ್ವಾಮಿಗಳು ತೊಳೆದರು, ಒರೆಸಿದರು, ಆ ಪಾದಕ್ಕೆ ಮುತ್ತಿಟ್ಟರು. ಅಷ್ಟಾಗುವವರೆಗೂ ರಾಯಪ್ಪ ಬಾಯಿ ಬಿಟ್ಟಿರಲಿಲ್ಲ. ಕೃಪೆ ಅವನ ಮಾತಿಗೆ ಕಾಯಲಿಲ್ಲ. ಸವೇರಮ್ಮನಿಗೆ ಮಾತ್ರ ಅವನ ಮಾತು ಬೇಕಿತ್ತು.

ಇಂದಿಗೂ ಪವಿತ್ರ ಗುರುವಾರ ಗುಡ್ಡ ಹತ್ತುವವರು ಇದನ್ನು ನೋಡಬಹುದು. ವರ್ಷದೊಳಗೆ ಯಾರಿಗಾದರೂ ದ್ರೋಹ ಮಾಡಿದವನು ತಾನಾಗಿ ಬಂದು ಕೊನೆಯ ಕಲ್ಲಿನ ಮೇಲೆ ಕೂರುತ್ತಾನೆ. ಯಾರೂ ಕೂರದ ವರ್ಷ ಬರಿಯ ಕಲ್ಲಿಗೇ ನೀರು. ಕೂತವನ ಪಾದವನ್ನು ಏನನ್ನೂ ಕೇಳದೆ ತೊಳೆಯುತ್ತಾರೆ. ತೊಳೆದಾದ ಮೇಲೆ ಅವನು ಏಳುವಂತಿಲ್ಲ. ಅವನಿಂದ ನೊಂದವರು ಎದುರಿಗೆ ಬಂದು ನಿಲ್ಲುತ್ತಾರೆ. ಅವರು ಅಳಬಾರದು, ಬೈಯಬಾರದು. ಸವೇರಮ್ಮ ಅಂದು ತಮ್ಮನಿಗೆ ಹೇಳಿದ್ದನ್ನಷ್ಟೇ, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ ಹೇಳಬೇಕು:

“ದೇವರು ಕಾದದ್ದಾಯಿತು, ತೊಳೆದದ್ದೂ ಆಯಿತು. ಈಗ ನನ್ನ ಹತ್ತಿರ ಕ್ಷಮೆ ಕೇಳು.”