ಹೊನ್ನಿಯ ಕರಟ

ನದಿಯ ದಂಡೆಯ ಮೇಲೆ ಅಡವಯ್ಯನವರ ಆಶ್ರಮ. ಅಲ್ಲಿ ಆಚೆ ದಡದ ಹಳ್ಳಿಯ ಪುಟ್ಟ ಮಕ್ಕಳಿಗೆ ಪಾಠ ನಡೆಯುತ್ತಿತ್ತು. ಮಕ್ಕಳು ದಿನಾ ಹರಿಗೋಲಿನಲ್ಲಿ ಬಂದು ಹರಿಗೋಲಿನಲ್ಲೇ ಮರಳುತ್ತಿದ್ದರು.

ಅಡವಯ್ಯನವರ ಶಿಷ್ಯ ಮರುಳಸಿದ್ಧ. ಆಶ್ರಮಕ್ಕೆ ಬಂದಾಗಿನಿಂದ ಅವನದು ಕೊಟ್ಟಿಗೆಯ ಕೆಲಸ. ಅದನ್ನು ಚೆನ್ನಾಗಿಯೇ ಮಾಡುತ್ತಿದ್ದ. ಆದರೆ ಅವನ ಮನಸ್ಸೆಲ್ಲ ಮಕ್ಕಳ ಕಡೆಗೆ. ಸೆಗಣಿ ಬಾಚುತ್ತಲೇ ಪಾಠಕ್ಕೆ ಕಿವಿಗೊಡುತ್ತಿದ್ದ.

ಒಂದು ದಿನ ಗುರುಗಳು ಕರೆದರು.

“ಸಿದ್ಧ, ಗಿಡಮರದ ಪಾಠ ಇನ್ನು ನೀನೇ ಹೇಳು. ಹುಣ್ಣಿಮೆಗೆ ಮಕ್ಕಳ ಅಪ್ಪ ಅಮ್ಮಂದಿರನ್ನು ಕರೆಸುತ್ತೇನೆ. ಅವತ್ತು ನಾನೂ ನೋಡುತ್ತೇನೆ. ಪಾಠ ಹಿಡಿಸಿದರೆ ಮಕ್ಕಳು ನಿನ್ನವರು. ಹಿಡಿಸದಿದ್ದರೆ ಕೊಟ್ಟಿಗೆ ಇದ್ದೇ ಇದೆ.”

ಮರುಳಸಿದ್ಧ ಯೋಚಿಸಿದ. ಗಿಡದ ಪಾಠವನ್ನು ಬಾಯಲ್ಲಿ ಹೇಳಿದರೆ ಮಕ್ಕಳು ಮರೆಯುತ್ತಾರೆ, ಕೈಯಲ್ಲಿ ಮಾಡಿದರೆ ಮರೆಯುವುದಿಲ್ಲ. ಹೀಗೆಂದುಕೊಂಡು ಅಡುಗೆಮನೆಯಿಂದ ಕರಟಗಳನ್ನು ತಂದ. ಕಾಯಿ ತುರಿದ ಮೇಲೆ ಉಳಿಯುವ ಚಿಪ್ಪು ಅದು. ತಳಕ್ಕೊಂದು ತೂತು ಮಾಡಿದರೆ ನೀರು ನಿಲ್ಲುವುದಿಲ್ಲ. ಒಂದೊಂದು ಮಗುವಿಗೆ ಒಂದೊಂದು ಕರಟ, ಹಿಡಿ ಮಣ್ಣು, ಒಂದು ಅವರೆಕಾಳು.

“ದಿನಾ ಸ್ವಲ್ಪ ನೀರು ಹಾಕಿ. ಕೆದಕಬೇಡಿ,” ಎಂದ.

ಎಲ್ಲರೂ ಕೇಳಿದರು, ಒಬ್ಬಳನ್ನು ಬಿಟ್ಟು. ಅವಳು ಹೊನ್ನಿ, ಹರಿಗೋಲು ನಡೆಸುವ ಬೆಟ್ಟಪ್ಪನ ಮಗಳು. ಬೆಳಿಗ್ಗೆ ಬಂದವಳೇ ಬೆರಳಿನಿಂದ ಮಣ್ಣು ತೆಗೆದು, ಕಾಳನ್ನು ಎತ್ತಿ, ತಿರುಗಿಸಿ ತಿರುಗಿಸಿ ನೋಡಿ, ಮತ್ತೆ ಮುಚ್ಚುವಳು. ಸಂಜೆ ಹೋಗುವಾಗಲೂ ಅದೇ.

“ಹೆಗ್ಗಣ ಬಂತು, ಹೆಗ್ಗಣ ಬಂತು,” ಎಂದು ಉಳಿದವರು ರೇಗಿಸುತ್ತಿದ್ದರು.

“ಬೇಡ ಕಣೇ ಹೊನ್ನಿ,” ಎಂದ ಮರುಳಸಿದ್ಧ.

“ಒಂದೇ ಸಲ, ಸಿದ್ದಣ್ಣ.”

ಆ ಒಂದೇ ಸಲ ಮುಗಿಯಲೇ ಇಲ್ಲ.

ಉಳಿದ ಕರಟಗಳಲ್ಲಿ ಎಲೆ ಬಿಚ್ಚಿತು. ಹುಣ್ಣಿಮೆಯ ಹಿಂದಿನ ಸಂಜೆ, ಮಕ್ಕಳು ಹೋದ ಮೇಲೆ, ಮರುಳಸಿದ್ಧ ಹೊನ್ನಿಯ ಕರಟದ ಮಣ್ಣು ಸರಿಸಿದ. ಕಾಳು ಕಪ್ಪಾಗಿ ಕೊಳೆತಿತ್ತು. ನಾಳೆ ಎಲ್ಲರ ಮುಂದೆ ಮಗು ಅಳುತ್ತದಲ್ಲ ಎಂದು ಅವನಿಗೆ ಸಂಕಟವಾಯಿತು. ಅದನ್ನು ಹುಲ್ಲಿನ ಬಣವೆಯ ಹಿಂದೆ ಇಟ್ಟು, ತಾನೇ ಬೆಳೆಸಿದ್ದ ಒಂದು ಸಸಿಯ ಕರಟವನ್ನು ಅವಳ ಜಾಗದಲ್ಲಿ ಇರಿಸಿದ.

ಮರುದಿನ ಅಪ್ಪ ಅಮ್ಮಂದಿರು ಬಂದರು. ಕರಟಗಳು ಜಗಲಿಯ ಮೇಲೆ ಸಾಲಾಗಿ ನಿಂತಿದ್ದವು, ಎಲ್ಲದರಲ್ಲೂ ಹಸಿರು.

“ನಮ್ಮ ಹಿತ್ತಲಲ್ಲೂ ಹೀಗೆ ಎದ್ದಿಲ್ಲವಲ್ಲ,” ಎಂದಳು ಒಬ್ಬ ತಾಯಿ. ಹಿಗ್ಗಿನಿಂದ ಮರುಳಸಿದ್ಧನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಡವಯ್ಯನವರು ಸಾಲಿನುದ್ದಕ್ಕೂ ನಡೆದು ಹೊನ್ನಿಯ ಮುಂದೆ ನಿಂತರು.

“ಇದು ನಿನ್ನದೇನಮ್ಮ?”

“ಅಲ್ಲ, ಅಜ್ಜ.”

ಮರುಳಸಿದ್ಧ ಬಣವೆಯ ಕಡೆ ನೋಡಿದ.

“ನಿನ್ನ ಜಾಗದಲ್ಲೇ ಇದೆಯಲ್ಲ?”

“ನಂದು ನಿನ್ನೆ ಸಂಜೆ ಸತ್ತೋಗಿತ್ತು. ಒಂದು ರಾತ್ರಿಗೆ ಯಾರಾದರೂ ಇಷ್ಟುದ್ದ ಆಗ್ತಾರಾ? ನಂದು ಎಲ್ಲಿ?”

ಮಕ್ಕಳು ಕಿಸಕ್ಕೆಂದರು. ಬೆಟ್ಟಪ್ಪ ತಲೆ ತಗ್ಗಿಸಿದ.

ಸುಮ್ಮನಿದ್ದರೆ ಹುಡುಗಿ ಸುಳ್ಳಿಯಾಗುತ್ತಾಳೆ, ಮಾತಾಡಿದರೆ ತಾನು ಕೊಟ್ಟಿಗೆಗೆ. ಮರುಳಸಿದ್ಧ ಮುಂದೆ ಬಂದ.

“ಬದಲಾಯಿಸಿದವನು ನಾನು, ಗುರುಗಳೇ. ಮಗುವಿಗೆ ಅವಮಾನ ಆಗಬಾರದು ಅಂತ.”

“ಮಗುವಿಗೋ, ನಿನಗೋ?”

“ನನಗೆ,” ಎಂದ ಅವನು.

“ಹೋಗಿ ಅವಳದನ್ನು ತಾ.”

ತಂದ. ಹೊನ್ನಿ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಅಡವಯ್ಯನವರು ಮಕ್ಕಳೆಲ್ಲರನ್ನೂ ಕೇಳಿದರು, “ಎಲೆ ಬರುವ ಮೊದಲು ಮಣ್ಣಿನೊಳಗೆ ಏನು ನಡೀತು, ಯಾರು ಹೇಳ್ತೀರಿ?”

ಮಕ್ಕಳು ತಮ್ಮ ತಮ್ಮ ಕರಟದತ್ತ ತಿರುಗಿದರು. ಅವರೆಲ್ಲ ಹೇಳಿದ ಮಾತು ಕೇಳಿದವರು. ಮಣ್ಣಿನ ಮೇಲಿನದನ್ನಷ್ಟೇ ನೋಡಿದ್ದರು.

“ನಾನು ಹೇಳ್ಲಾ?” ಎಂದಳು ಹೊನ್ನಿ. “ಮೊದಲು ಉಬ್ಬುತ್ತೆ. ಆಮೇಲೆ ಸಿಪ್ಪೆ ಬಿರಿದು ಬಾಲ ಬರುತ್ತೆ, ಬೆಳ್ಳಗೆ. ಬಾಲ ಕೆಳಕ್ಕೆ ಹೋಗುತ್ತೆ. ನಾನು ಅದನ್ನ ಮೇಲುಮುಖ ಮಾಡಿ ಮುಚ್ಚಿಟ್ಟೆ. ಮಾರನೇ ದಿನ ನೋಡಿದ್ರೆ ಬಗ್ಗಿ ಮತ್ತೆ ಕೆಳಕ್ಕೇ ಹೊರಟಿತ್ತು. ಮತ್ತೆ ತಿರುಗಿಸಿದೆ. ಮತ್ತೆ ಬಗ್ಗಿತು. ನಾನು ಸೋಲಲಿಲ್ಲ, ಅದೂ ಸೋಲಲಿಲ್ಲ. ಕೊನೆಗೆ ಪಾಪ, ಸತ್ತೋಯ್ತು.”

ಕಿಸಕ್ಕೆಂದವರೆಲ್ಲ ಸುತ್ತ ಸೇರಿ ಕರಟದೊಳಗೆ ಇಣುಕಿದರು. ಕಪ್ಪು ಕಾಳಿನ ಬುಡದಲ್ಲಿ ಬಾಡಿದ ಬೇರು ಡೊಂಕುಡೊಂಕಾಗಿ ಕಂಡಿತು.

“ಸಿದ್ದಣ್ಣ,” ಎಂದಳು ಹೊನ್ನಿ, “ಅಲ್ಲಿ ಬರೀ ಕತ್ತಲೆ. ಕೆಳಗೆ ಯಾವ ಕಡೆ ಅಂತ ಅದಕ್ಕೆ ಹೆಂಗೆ ಗೊತ್ತಾಗುತ್ತೆ?”

ಹೆತ್ತವರೆಲ್ಲ ಅವನನ್ನೇ ನೋಡುತ್ತಿದ್ದರು. ಏನಾದರೂ ಹೇಳಿ ಪಾರಾಗಬಹುದಿತ್ತು.

“ನನಗೆ ಗೊತ್ತಿಲ್ಲ, ಹೊನ್ನಿ,” ಎಂದ ಮರುಳಸಿದ್ಧ. “ನಾಳೆ ಎಲ್ಲರೂ ಎರಡೆರಡು ಕಾಳು ಹಾಕೋಣ. ಒಂದು ಬೆಳೆಯೋಕೆ, ಒಂದು ಅಗೆದು ನೋಡೋಕೆ. ನೀನು ಹೇಗೆ ಅಗೆದೆ ಅಂತ ನಮಗೆ ತೋರಿಸು.”

“ನನಗೆ ಮೊದಲು, ನನಗೆ ಮೊದಲು,” ಎಂದು ಮಕ್ಕಳು ಹೊನ್ನಿಯ ಕೈ ಹಿಡಿದು ಎಳೆದಾಡಿದರು.

ಬೆಟ್ಟಪ್ಪ ಈಗ ತಲೆ ಎತ್ತಿದ್ದ. “ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ,” ಎಂದು ಪಕ್ಕದವನಿಗೆ ಹೇಳಿದ. “ನನ್ನದು ನೋಡಪ್ಪ, ನಿಜವಾಗಿಯೂ ಮುದ್ದಾಗಿಲ್ವಾ?”

ಎಲ್ಲರೂ ಹೋದ ಮೇಲೆ ಮರುಳಸಿದ್ಧ ಪೊರಕೆ ಹಿಡಿದು ಗುರುಗಳ ಮುಂದೆ ನಿಂತ. ಮೋಸ ಮೋಸವೇ ಎಂದು ಅವನಿಗೆ ಗೊತ್ತಿತ್ತು. ಆದರೂ ಎದೆಯಲ್ಲಿ ಒಂದು ಹೆಮ್ಮೆ ಇತ್ತು. ಅದು ಹಸಿರು ಕರಟಗಳ ಸಾಲಿನದಲ್ಲ, ಹೊನ್ನಿಯದು.

“ಕೊಟ್ಟಿಗೆಗೆ ಹೋಗಲೇ, ಗುರುಗಳೇ?”

ಅಡವಯ್ಯನವರು ಅವನ ಕೈಯಿಂದ ಪೊರಕೆ ತೆಗೆದುಕೊಂಡು ಗೋಡೆಗೆ ಒರಗಿಸಿದರು. ಜಗಲಿಯ ಮೂಲೆಯಲ್ಲಿದ್ದ ಖಾಲಿ ಕರಟವೊಂದನ್ನು ಎತ್ತಿ ಅವನ ಕೈಗಿಟ್ಟರು.

“ನಾಳೆ ನನಗೂ ಒಂದು ಕಾಳು ಹಾಕಿಕೊಡಿ, ಮೇಷ್ಟ್ರೇ. ಈಗಲೇ ಹೇಳಿಬಿಡ್ತೀನಿ, ನಾನು ಅಗೆದು ನೋಡುವವನು.”