ಮರದೆಮ್ಮೆ ಏಳಲಿಲ್ಲ, ರೈಲು ಹೊರಡಲಿಲ್ಲ

ಒಂದಾನೊಂದು ಊರಿನಲ್ಲಿ, ನಿಮ್ಮೂರಲ್ಲ, ನಮ್ಮೂರೂ ಅಲ್ಲ, ರೈಲು ಹೋಗೋ ಒಂದು ಊರಿನಲ್ಲಿ, ಗುಂಡಭೂಪ ಅಂತ ಒಬ್ಬ ದೊರೆ ಇದ್ದ. ಅವನಿಗೆ ಹತ್ತು ಆನೆ ಇದ್ದವು, ನೋಡಲಿಲ್ಲ. ಇಬ್ಬರು ರಾಣಿಯರಿದ್ದರು, ಮಾತಾಡಿಸಲಿಲ್ಲ. ಅವನ ಜೀವವೆಲ್ಲ ಒಂದು ಆಟದ ರೈಲಿನ ಮೇಲೆ. ಕೀಲಿ ಕೊಟ್ಟರೆ ನಡುಮನೆಯಲ್ಲಿ ಗುಂಡಗೆ ಸುತ್ತೋದು, ಅಷ್ಟೇ.

ಒಂದು ದಿನ ದೊರೆ ಕಿಟಕಿಯಲ್ಲಿ ಇಣುಕಿದ. ಅರಮನೆ ಪಕ್ಕದಲ್ಲೇ ನಿಜವಾದ ರೈಲು ಹೋಗ್ತಿತ್ತು. ಅದು ಗುಂಡಗೆ ಸುತ್ತಲಿಲ್ಲ. ಹೊಳೆ ದಾಟಿತು, ಗುಡ್ಡ ಬಳಸಿತು, ಹೊರಟೇ ಹೋಯಿತು.

"ಥೂ, ನನ್ನದು ಸುಳ್ಳು ರೈಲು!" ಅಂತ ದೊರೆ ಗೊಳೋ ಅಂದ. "ನಿಜದ್ದು ಹೇಗಿದೆಯೋ ನಮ್ಮದೂ ಹಾಗೇ ಆಗಬೇಕು. ಎಳ್ಳಷ್ಟೂ ಹೆಚ್ಚುಕಮ್ಮಿ ಆಗಕೂಡದು!"

ಗೊಂಬೆ ಕಡೆಯೋ ಬುಡೇನ್ ಸಾಬಿ ಬಂದ. ಹಳೇ ಹಳಿ ಕಿತ್ತ. ಹಿರೀರಾಣಿ ಮಂಚದ ಕೆಳಗೆ ಸುರಂಗ ತೋಡಿದ. ಕಿರೀರಾಣಿ ಬಚ್ಚಲ ನೀರು ತಿರುಗಿಸಿ ಹೊಳೆ ಮಾಡಿದ. ಹಳಿ ಪಕ್ಕ ಪುಟ್ಟದೊಂದು ಆಟದ ಅರಮನೆ ಕಟ್ಟಿದ. ಅಡುಗೆಮನೆ ಬಾಗಿಲಿಗೆ ಗೇಟು ಹಾಕಿದ. ಗೇಟು ಬಿದ್ದರೆ ಅನ್ನ ಆ ಕಡೆ, ದೊರೆ ಈ ಕಡೆ. ಇನ್ನು, ನಿಜದ ರೈಲಿಗೆ ಯಾರು ಹತ್ತಿದರೂ ಅವರದೊಂದು ಗೊಂಬೆ ಆಟದ ರೈಲಿಗೂ ಹತ್ತಬೇಕಲ್ಲ? ಸಾಬಿ ಕಡೆದ, ಅರಗು ಬಳಿದ, ಅಂಟಿಸಿದ. ಕಡೆದ, ಬಳಿದ, ಅಂಟಿಸಿದ.

ಮಂತ್ರಿ ಕನ್ನಡಕ ಏರಿಸಿಕೊಂಡು ಎರಡನ್ನೂ ಹೋಲಿಸಿ ನೋಡಿದ. "ಮಹಾಸ್ವಾಮಿ, ನಿಜದ್ದು ದಿನಾ ತಡ. ನಮ್ಮದು ತಡವೇ ಆಗ್ತಿಲ್ಲ."

"ಅದ್ಯಾಕೆ ತಡ?"

"ಗೇಟು ಕಾಯೋ ಮಾದವ್ವನ ಎಮ್ಮೆ ಹಳಿ ಮೇಲೆ ಮಲಗುತ್ತೆ, ಸ್ವಾಮಿ."

"ಹಾಗಾದರೆ ನಮಗೂ ಎಮ್ಮೆ!"

ಸಾಬಿ ಒಂದು ಎಮ್ಮೆ ಕಡೆದು ಹಳಿ ಮೇಲಿಟ್ಟ. ಆಟದ ರೈಲು ಬಂತು, ನಿಂತಿತು. ಹೊರಗೆ ನಿಜದ ರೈಲೂ ನಿಂತಿತು. ದೊರೆ ಚಪ್ಪಾಳೆ ತಟ್ಟಿದ. ಅಷ್ಟರಲ್ಲಿ ಹೊರಗೆ ಮಾದವ್ವ, "ಏಳೇ ಕಾಳೀ, ಸಾಕು ಬಾರೇ," ಅಂದಳು. ಕಾಳಿ ಎದ್ದು ಬಂತು. ಒಳಗೆ ಮರದೆಮ್ಮೆ ಏಳಲಿಲ್ಲ.

"ಸ್ವಾಮೀ, ನಿಜದ್ದು ಹೊರಟೇ ಹೋಗ್ತಿದೆ! ಹೆಚ್ಚುಕಮ್ಮಿ ಆಯಿತು!" ಅಂದ ಮಂತ್ರಿ.

"ನಿಲ್ಲಿಸ್ರೋ ಅದನ್ನ! ನಮ್ಮೆಮ್ಮೆ ಏಳೋತನಕ ಅದು ಕದಲಕೂಡದು!"

ನಿಲ್ಲಿಸಿದರು. ಮುಂದೆ ಎಮ್ಮೆಯಿಲ್ಲ, ಕಲ್ಲಿಲ್ಲ, ಕಡ್ಡಿಯಿಲ್ಲ. ರೈಲು ಮಾತ್ರ ನಿಂತೇ ಇದೆ. ಒಂದು ದಿನ ನಿಂತಿತು, ಎರಡು ದಿನ ನಿಂತಿತು.

ಅದರೊಳಗೆ ಯಾರಿದ್ದರು ಅಂತೀರಿ? ಮಾದವ್ವನ ಮಗಳು ಸಾಕಮ್ಮ. ತುಂಬಿದ ಬಸುರಿ. ಚೊಚ್ಚಲ ಹೆರಿಗೆಗೆ ತವರಿಗೆ ಹೊರಟವಳು. ಇತ್ತ ಮಾದವ್ವ ಗೇಟಿನ ಮನೆ ಸಾರಿಸಿ, ಬೇವಿನ ಸೊಪ್ಪು ತಂದಿಟ್ಟು, ಸೂಲಗಿತ್ತಿಗೂ ಹೇಳಿಟ್ಟಿದ್ದಳು. ರೈಲಿನ ಬಾಗಿಲಿಂದ ಆ ಮನೆ ಬಾಗಿಲಿಗೆ ಹತ್ತೇ ಹೆಜ್ಜೆ.

"ಇಳಿಯೇ ಮಗಳೇ," ಅಂದಳು ಮಾದವ್ವ.

ಗಾರ್ಡು ಅಡ್ಡ ಬಂದ. "ಇಳಿಯೋ ಹಾಗಿಲ್ಲಮ್ಮ. ಅರಮನೇಲಿ ಇವಳ ಗೊಂಬೆ ಇಳಿದಿಲ್ಲ."

"ಯವ್ವಾ, ನೋವು ಶುರುವಾಯ್ತು," ಅಂದಳು ಸಾಕಮ್ಮ.

"ಶುರುವಾಗೋ ಹಾಗಿಲ್ಲ. ಗೊಂಬೆಗೆ ಶುರುವಾಗಿಲ್ಲ."

"ಇಲ್ಲೇ ಹೆತ್ತುಬಿಟ್ಟರೆ ಏನ್ಮಾಡ್ತೀಯೋ?"

"ಮೊದಲು ಗೊಂಬೆ ಹೆರಲಿ, ಆಮೇಲೆ ನೋಡೋಣ," ಅಂತ ಗಾರ್ಡು ಬೀಡಿ ಎಳೆದ.

ಮಾದವ್ವ ಸೊಂಟದ ಮೇಲೆ ಕೈಯಿಟ್ಟಳು. "ಅಲ್ಲ ಕಣಪ್ಪಾ, ಅಲ್ಲಿರೋ ನಿನ್ನ ಗೊಂಬೆ ಬೀಡಿ ಸೇದುತ್ತಾ?"

ಗಾರ್ಡು ತಟ್ಟನೆ ಬೀಡಿ ಎಸೆದ. ಬಾಗಿಲು ಮಾತ್ರ ಬಿಡಲಿಲ್ಲ.

"ಓಹೋ, ಹೀಗೋ ಸಮಾಚಾರ," ಅಂದುಕೊಂಡಳು ಮಾದವ್ವ. ಸೆರಗು ಸಿಕ್ಕಿಸಿ ಸೀದಾ ಅರಮನೆಗೆ ನಡೆದಳು.

ಮೊದಲು ಮರದೆಮ್ಮೆಯನ್ನೇ ಕೇಳಿದಳು. "ಏಳೇ ನಮ್ಮವ್ವ, ನನ್ನ ಮಗಳಿಗೆ ದಿನ ತುಂಬಿದೆ."

"ಹೇಗೆ ಏಳಲಿ ಮಾದವ್ವಾ?" ಅಂತು ಮರದೆಮ್ಮೆ. "ಸಾಬಿ ನನ್ನನ್ನ ಮಲಗಿದ ಹಾಗೇ ಕಡೆದಿದ್ದಾನೆ. ಕಾಲೆಲ್ಲ ಹೊಟ್ಟೆಯೊಳಗೇ ಉಳಿದುಹೋಗಿವೆ."

"ನಿಂತ ಎಮ್ಮೆ ಕಡೆದುಕೊಡ್ತೀನಿ ಅಂದೆ, ಅಕ್ಕಾ," ಅಂದ ಬುಡೇನ್ ಸಾಬಿ. "ದೊರೆ ಒಪ್ತಿಲ್ಲ."

"ಹೇಗೆ ಒಪ್ಪಲಿ?" ಅಂದ ದೊರೆ. "ನಿಜದೆಮ್ಮೆ ಮಲಗುವಾಗ ಒಂದು, ಏಳುವಾಗ ಇನ್ನೊಂದು ಆಗುತ್ತಾ?"

ಆಗಲ್ಲ ಅಂತ ಮಾದವ್ವನೂ ಒಪ್ಪಿದಳು. ಆಮೇಲೆ ಬಗ್ಗಿ, ಹಳಿ ಪಕ್ಕದ ಆಟದ ಅರಮನೆಯೊಳಗೆ ಕಣ್ಣು ಹಾಯಿಸಿದಳು.

"ಬುದ್ಧೀ, ಈ ಸಿಂಹಾಸನ ಖಾಲಿ ಐತಲ್ಲ. ತಾವೆಲ್ಲಿ?"

ದೊರೆಯೂ ಬಗ್ಗಿ ಇಣುಕಿದ. "ಅಯ್ಯಯ್ಯೋ, ನಾನೇ ಇಲ್ಲ! ಕಡೆಯೋ ಸಾಬೀ, ಬೇಗ!"

ಸಾಬಿ ಕಡೆದ. ಹೊಟ್ಟೆ ಕಡೆದ, ಇನ್ನೂ ಸ್ವಲ್ಪ ಹೊಟ್ಟೆ ಕಡೆದ. ಮೀಸೆಗೆ ಕಪ್ಪರಗು, ಬಾಯಿಗೆ ಒಂದೇ ಒಂದು ಕೆಂಪು ಗೆರೆ. ಸಿಂಹಾಸನಕ್ಕೆ ಅಂಟಿಸಿದ.

"ಮೂಗೇನೋ ನನ್ನದೇ. ಆದರೆ ಕಿವಿ..." ಅಂತ ದೊರೆ ಶುರುಮಾಡಿದ.

"ಶ್!" ಅಂದಳು ಮಾದವ್ವ. "ಗೊಂಬೆ ಮಾತಾಡ್ತಿಲ್ಲ, ಬುದ್ಧಿ."

ಮಂತ್ರಿ ಗೊಂಬೆ ನೋಡಿದ, ದೊರೆಯನ್ನ ನೋಡಿದ, ಬೆವೆತ. "ಹೌದು ಮಹಾಸ್ವಾಮಿ! ತಾವು ಕೂತುಕೊಳ್ಳಬೇಕು. ಬಾಯಿ ಬಿಡಕೂಡದು. ಎಳ್ಳಷ್ಟೂ!"

ದೊರೆ ಕೂತ. ಬಾಯಿ ಮುಚ್ಚಿದ. ಅವನದೇ ಆಜ್ಞೆ, ಪಾಪ.

ಮಾದವ್ವ ಎದುರು ನಿಂತು ಕೈ ಮುಗಿದಳು. "ಬುದ್ಧೀ, ಮಗಳನ್ನ ಇಳಿಸಿಕೊಳ್ಳಲಾ? ಬೇಡ ಅನ್ನೋದಾದರೆ ಬೇಡ ಅನ್ನಿ."

ದೊರೆಯ ಮೀಸೆ ಅಲ್ಲಾಡಿತು. ಬಾಯಿ ಅಲ್ಲಾಡಲಿಲ್ಲ.

"ರೈಲು ಬಿಡಿಸಲಾ? ಬೇಡವಾದರೆ ಬೇಡ ಅನ್ನಿ."

ದೊರೆಯ ಕಣ್ಣು ಗಿರಗಿರ ತಿರುಗಿತು. ಬಾಯಿ ಅಲ್ಲಾಡಲಿಲ್ಲ.

"ಬೇಡ ಅನ್ನಲಿಲ್ಲ, ಮಂತ್ರಿಗಳೇ ಸಾಕ್ಷಿ!" ಅಂದವಳೇ ಓಡಿದಳು. ಸಾಕಮ್ಮ ಇಳಿದಳು. ಹತ್ತು ಹೆಜ್ಜೆ ನಡೆದಳು. ಹನ್ನೊಂದನೆಯ ಹೆಜ್ಜೆಗೆ ಹೆಣ್ಣುಕೂಸು ಕಿರ್ರೋ ಅಂತು. ಆ ಸದ್ದಿಗೇ ರೈಲು ಹೊರಟಿತು.

ದೊರೆ ಇವತ್ತಿಗೂ ಕೂತೇ ಇದ್ದಾನೆ. ವಾರಕ್ಕೊಮ್ಮೆ ಗೊಂಬೆಯ ಧೂಳು ಹೊಡೆದ ಬಟ್ಟೆಯಲ್ಲೇ ಅವನನ್ನೂ ಒರೆಸುತ್ತಾರೆ. ಹೊಸ ಆಜ್ಞೆ ಒಂದೂ ಬಂದಿಲ್ಲ. ಊರಿನವರು ಸ್ವಲ್ಪ ದಪ್ಪಗಾಗಿದ್ದಾರೆ. ಮರದೆಮ್ಮೆ ಮಾತ್ರ ಆಗಾಗ, "ಬುದ್ಧೀ, ನಿಮಗೂ ಏಳಕ್ಕಾಗ್ತಿಲ್ವಾ?" ಅಂತ ಕೇಳುತ್ತಂತೆ.

ಇದರಿಂದ ತಿಳಿಯೋದೇನಪ್ಪಾ ಅಂದರೆ, ದೊರೆಯ ಗೊಂಬೆ ಮಾಡಿಸೋದಿದ್ದರೆ ಮೊದಲೇ ಮಾಡಿಸಿ. ಕತೆ ಗೇಟು ದಾಟಿತು. ನೀವಿನ್ನೂ ಯಾಕೆ ಹಳಿ ಮೇಲೆ ಕೂತಿದ್ದೀರಿ? ಏಳ್ರೋ!