ತಲೆಯಿಲ್ಲದ ಹೋತದ ಕಾವಲು

ಹಿಮದ ಬೆಟ್ಟದ ನೆತ್ತಿಯಲ್ಲಿ, ಒಡೆಯನ ಗುಂಡೇಟಿಗೆ ಸತ್ತುಬಿದ್ದ ಕಾಡುಹೋತವನ್ನು ಬಾದಲ್ ಎಂಬ ಬೇಟೆನಾಯಿ ಕಾಯುತ್ತಿತ್ತು. ಒಡೆಯ ಕೊಂಬುಸಮೇತ ಹೋತದ ತಲೆಯನ್ನು ಕತ್ತರಿಸಿಕೊಂಡು, "ಇಲ್ಲೇ ಇರು" ಎಂದು ಹೇಳಿ ಕೆಳಗಿಳಿದಿದ್ದ. ಮಧ್ಯಾಹ್ನದ ಹೊತ್ತಿಗೆ ಹಿಮಚಿರತೆಯೊಂದು ಮಾಂಸದ ವಾಸನೆ ಹಿಡಿದು ಬಂತು.

"ಎಲಾ ಕಳ್ಳಿ, ದೂರ ನಿಲ್ಲು!" ಎಂದು ಬಾದಲ್ ಗುಡುಗಿತು. "ಇದಕ್ಕಾಗಿ ನನ್ನೊಡೆಯ ವರ್ಷವಿಡೀ ಬೆನ್ನಿಗೆ ಕಲ್ಲು ಕಟ್ಟಿಕೊಂಡು ಗುಡ್ಡ ಹತ್ತಿ ಅಭ್ಯಾಸ ಮಾಡಿದ್ದಾನೆ, ಎಂಟು ದಿನ ಮಂಜಿನಲ್ಲಿ ತೆವಳಿದ್ದಾನೆ. ನೀನು ಬಿಟ್ಟಿ ಕೂಳಿಗೆ ಬಂದೆಯಾ?"

"ಈ ಹೋತದ ಹಿಂದೆ ನಾನೂ ಮೂರು ದಿನ ಅಲೆದಿದ್ದೇನೆ. ಮರಿಗಳು ಹಸಿದಿವೆ," ಎಂದಿತು ಚಿರತೆ. "ನಿನ್ನೊಡೆಯನಿಗೆ ಹಸಿವಿದ್ದರೆ ಮಾಂಸ ಬಿಟ್ಟು ತಲೆಯನ್ನೇಕೆ ಒಯ್ದ?"

"ಮಾಂಸಕ್ಕೆ ಮರಳಿ ಬರುತ್ತಾನೆ. ಇಷ್ಟು ಪಾಡುಪಟ್ಟವನು ಹಾಗೇ ಬಿಟ್ಟುಹೋಗುತ್ತಾನೆಯೇ?"

ಚಿರತೆ ಬಂಡೆಯ ಮೇಲೆ ಕುಳಿತಿತು. ಅಷ್ಟರಲ್ಲಿ ಕಣಿವೆಯಲ್ಲಿ ಜೀಪು ಗುರುಗುಟ್ಟಿತು. ಬಾದಲ್ ಬಾಲ ಆಡಿಸುತ್ತಾ ಅಂಚಿಗೆ ಓಡಿ ಇಣುಕಿತು. ಕೆಳಗೆ ಹಾಕಿದ್ದ ಗುಡಾರ ಕಿತ್ತಾಗಿತ್ತು. ಜೀಪಿನ ಮೇಲೆ ಕೊಂಬುಗಳನ್ನು ಬಿಗಿದು ಕಟ್ಟಿ ಒಡೆಯ ಊರಿನ ದಾರಿ ಹಿಡಿದಿದ್ದ. ಬಾದಲ್ ಗಂಟಲು ಹರಿಯುವಂತೆ ಬೊಗಳಿತು. ಜೀಪು ನಿಲ್ಲಲಿಲ್ಲ.

ಸಿಟ್ಟಿನಿಂದ ನಾಯಿಯ ಮೈಯೆಲ್ಲ ಉರಿದುಹೋಯಿತು. ತನ್ನನ್ನು ಬಿಟ್ಟದ್ದಿರಲಿ, ಇಷ್ಟು ದೊಡ್ಡ ಜೀವವನ್ನು ಕೊಂದು, ಒಂದು ತುತ್ತೂ ತಿನ್ನದೆ ಕೊಳೆಯಲು ಬಿಟ್ಟನಲ್ಲ! ಹಿಂದಿರುಗಿ ಬಂದು ಹೋತದ ಪಕ್ಕದಿಂದ ಸರಿದು ನಿಂತಿತು.

"ತಾಯಿ, ಮರಿಗಳನ್ನು ಕರೆದುಕೊಂಡು ಬಾ," ಎಂದಿತು. "ನೀನು ಬರುವವರೆಗೂ ಹದ್ದುಗಳನ್ನು ನಾನು ಓಡಿಸುತ್ತಿರುತ್ತೇನೆ."